ಮೀನಿನ ಈಜುರೆಕ್ಕೆಯ ಸ್ಲೈಡ್‌ನಲ್ಲಿ ದೋಷ: ರೋಗವೋ, ತಯಾರಿಯ ತಪ್ಪೋ?

ಸೂಕ್ಷ್ಮದರ್ಶಕದ ಕೆಳಗೆ ಈಜುರೆಕ್ಕೆಯ ಹೊರಚರ್ಮ ಹಾಳೆಯಂತೆ ಎದ್ದು ನಿಂತಿದೆ. ಅದರಡಿಯಲ್ಲಿ ಬಿಳಿಯ ಖಾಲಿ ಜಾಗ. ಮೂಳೆಕಡ್ಡಿ ಇರಬೇಕಾದಲ್ಲಿ ಹರಿದ ತೂತು. ಇಂಥ ಸ್ಲೈಡ್ ಎದುರಿಗಿಟ್ಟುಕೊಂಡು ಇದು ಯಾವ ರೋಗ ಎಂದು ಕೇಳುವವರನ್ನು ಬಹಳ ಸಲ ನೋಡಿದ್ದೇನೆ. ನಾನೂ ಹಾಗೆ ಕೇಳಿದವನೇ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಗೆಂಡೆ ಮೀನಿನ ಬಾಲದ ರೆಕ್ಕೆಯಲ್ಲಿ ಹೊರಚರ್ಮ ಉದ್ದಕ್ಕೂ ಬಿಟ್ಟುಬಂದಿರುವುದನ್ನು ಕಂಡು, ಚರ್ಮದ ಮೇಲೆ ಬೊಬ್ಬೆ ಏಳುವ ರೋಗವೆಂದು ಎರಡು ಪುಟ ವರದಿ ಬರೆದಿದ್ದೆ. ಮೀನನ್ನು ತಂದುಕೊಟ್ಟವರನ್ನು ಮರುದಿನ ವಿಚಾರಿಸಿದಾಗ, ಅದು ಸತ್ತು ನಾಲ್ಕು ಗಂಟೆ ಕಳೆದ ಮೇಲೆ, ಅಂಗಾಂಶ ಕೆಡದಂತೆ ಕಾಪಿಡುವ ಫಾರ್ಮಲಿನ್‌ಗೆ ಬಿದ್ದಿತ್ತು ಎಂದು ತಿಳಿಯಿತು. ವರದಿಯನ್ನು ಹಿಂದಕ್ಕೆ ಪಡೆದೆ.

ಅಂದಿನಿಂದ ಯಾವ ಸ್ಲೈಡ್ ನೋಡಿದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಗಾಯಕ್ಕೆ ಅಂಗಾಂಶ ಏನಾದರೂ ಉತ್ತರ ಕೊಟ್ಟಿದೆಯೇ? ಮೀನು ಬದುಕಿದ್ದಾಗ ಆದ ಹಾನಿಯಾದರೆ ಸುತ್ತ ಬಿಳಿ ರಕ್ತಕಣಗಳು ಸೇರಿರುತ್ತವೆ, ರಕ್ತನಾಳಗಳು ಉಬ್ಬಿರುತ್ತವೆ, ರಕ್ತ ಸೋರಿರುತ್ತದೆ, ಅಂಚಿನ ಕೋಶಗಳು ಗಾಯ ಮುಚ್ಚಲು ಹೊರಟಿರುತ್ತವೆ. ಸತ್ತ ಮೇಲೆ, ಅಥವಾ ನಮ್ಮ ಮೇಜಿನ ಮೇಲೆ ಆದ ಹಾನಿಗೆ ಇದಾವುದೂ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಗಾಯವಾದ ಕೆಲವೇ ನಿಮಿಷಗಳಲ್ಲಿ ಸತ್ತ ಮೀನಿನಲ್ಲಿ ಬಿಳಿ ರಕ್ತಕಣಗಳು ಬಂದು ಸೇರುವಷ್ಟು ಸಮಯ ಇರುವುದಿಲ್ಲ. ಅಲ್ಲಿ ಸೋರಿದ ರಕ್ತವೊಂದೇ ಸಾಕ್ಷಿ.

ಆರೋಗ್ಯವಂತ ರೆಕ್ಕೆಯ ಗುರುತು

ಸರಿಯಾದದ್ದು ಹೇಗಿರುತ್ತದೆ ಎಂಬುದು ಕಣ್ಣಲ್ಲಿ ಕೂತಿರದಿದ್ದರೆ ತಪ್ಪು ಕಾಣುವುದಿಲ್ಲ. ಮೂಳೆಮೀನಿನ ರೆಕ್ಕೆಯನ್ನು ಎತ್ತಿ ಹಿಡಿಯುವುದು ಲೆಪಿಡೋಟ್ರೈಕಿಯಾ ಎಂಬ ಕಡ್ಡಿಗಳು. ಪ್ರತಿ ಕಡ್ಡಿಯೂ ಒಂದೇ ಮೂಳೆಯಲ್ಲ, ಎರಡು ಅರೆಕಡ್ಡಿಗಳ ಜೋಡಿ. ಅಡ್ಡಛೇದದಲ್ಲಿ ಅವು ಅಂಗೈಗಳನ್ನು ತುಸು ಬಾಗಿಸಿ ಎದುರುಬದುರು ಹಿಡಿದಂತೆ ಕಾಣುತ್ತವೆ. ನಡುವಿನ ಜಾಗದಲ್ಲಿ ಸಡಿಲವಾದ ಸಂಯೋಜಕ ಅಂಗಾಂಶ, ನರ, ಅಪಧಮನಿ ಇರುತ್ತವೆ. ಎರಡು ಕಡ್ಡಿಗಳ ನಡುವಣ ತೆಳುವಾದ ಪಟ್ಟಿಯಲ್ಲಿ ಮೂಳೆಯಿಲ್ಲ. ಜೀಬ್ರಾ ಮೀನಿನಲ್ಲಿ ಅಭಿಧಮನಿಗಳು ಕಡ್ಡಿಯ ಎರಡೂ ಪಕ್ಕಕ್ಕೆ ಈ ಪಟ್ಟಿಯಲ್ಲಿ ಸಾಗುತ್ತವೆ. ನೀಳಛೇದದಲ್ಲಿ ಅದೇ ಕಡ್ಡಿ ಬಿದಿರಿನಂತೆ ಗೆಣ್ಣುಗೆಣ್ಣಾಗಿ ಕಾಣುತ್ತದೆ. ಈ ಗೆಣ್ಣುಗಳ ನಡುವಣ ಬಿರುಕು ಸಹಜ ರಚನೆ, ಮುರಿತವಲ್ಲ.

ಇದೆಲ್ಲದರ ಮೇಲೆ ಎರಡೂ ಬದಿಗೆ ಆಧಾರ ಪೊರೆ, ಅದರ ಮೇಲೆ ಹಲವು ಪದರದ ಹೊರಚರ್ಮ. ನಮ್ಮ ಚರ್ಮದ ಮೇಲಿರುವಂಥ ಸತ್ತ ಕೆರಾಟಿನ್ ಪದರ ಸಾಮಾನ್ಯವಾಗಿ ಇಲ್ಲಿ ಇರುವುದಿಲ್ಲ. ಮೇಲ್ಮೈಯ ಕೋಶಗಳೂ ಜೀವಂತ, ಅವುಗಳ ಮೇಲೆ ಲೋಳೆ. ಈ ಹೊರಚರ್ಮ ಇಷ್ಟು ಬೇಗ ಕೆಡುವುದಕ್ಕೆ ಇದೇ ಕಾರಣ.

ಹೊಸಬರನ್ನು ದಾರಿ ತಪ್ಪಿಸುವ ಮೂರು ಸಹಜ ರಚನೆಗಳಿವೆ. ಮೊದಲನೆಯದು, ಗೆಂಡೆ ಮತ್ತು ಬೆಕ್ಕುಮೀನುಗಳ ಗುಂಪಿನ ಹೊರಚರ್ಮದಲ್ಲಿರುವ ಕ್ಲಬ್ ಕೋಶಗಳು. ದೊಡ್ಡದಾಗಿ, ಮಸುಕಾಗಿ, ನಡುವೆ ನ್ಯೂಕ್ಲಿಯಸ್ ಇಟ್ಟುಕೊಂಡು ಕೂತಿರುವ ಇವನ್ನು ಊದಿಕೊಂಡು ಸಾಯುತ್ತಿರುವ ಕೋಶಗಳೆಂದು ಬರೆದ ವರದಿಗಳನ್ನು ಕಂಡಿದ್ದೇನೆ. ಅಪಾಯದ ಸುಳಿವನ್ನು ನೀರಿಗೆ ಬಿಡುವ ಕೋಶಗಳು ಇವು, ಸಂಪೂರ್ಣ ಆರೋಗ್ಯವಂತ. ಎರಡನೆಯದು, ಕೋಶಗಳಿಲ್ಲದ ಮೂಳೆ. ತಿಲಾಪಿಯಾ, ಮೆಡಾಕಾ ಸೇರಿದಂತೆ ಮುಂದುವರಿದ ಮೂಳೆಮೀನುಗಳ ಬಹುಪಾಲು ಗುಂಪುಗಳಲ್ಲಿ ಮೂಳೆಯೊಳಗೆ ಮೂಳೆಕೋಶಗಳೇ ಇರುವುದಿಲ್ಲ. ಮೂಳೆ ಕಟ್ಟುವ ಕೋಶಗಳು ಹೊರಮೈಗೆ ಅಂಟಿಕೊಂಡಿರುತ್ತವೆ. ಮೂಳೆಯೊಳಗೆ ನೀಲಿ ಚುಕ್ಕೆ ಕಾಣಲಿಲ್ಲವೆಂದು, ನ್ಯೂಕ್ಲಿಯಸ್‌ಗೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಅನ್ನು ಬೈಯುವ ಮೊದಲು ಯಾವ ಮೀನು ಎಂದು ನೋಡಿ.

ಮೂರನೆಯದನ್ನು ನಿಧಾನವಾಗಿ ಹೇಳಬೇಕು. ರೆಕ್ಕೆಯ ತುತ್ತತುದಿಗೆ ಹೋಗಿ, 40ರ ಲೆನ್ಸ್ ಹಾಕಿ. ಅರೆಕಡ್ಡಿಗಳು ಮುಗಿಯುವಲ್ಲಿ ಅವುಗಳ ನಡುವಿನಿಂದ ಕುಂಚದ ಎಳೆಗಳಂತೆ ಸೂಕ್ಷ್ಮವಾದ, ಹೊಳಪಿನ, ಗುಲಾಬಿ ಬಣ್ಣದ ಕಡ್ಡಿಗಳ ಕಟ್ಟೊಂದು ಹೊರಟಿರುತ್ತದೆ. ಇವು ಆಕ್ಟಿನೋಟ್ರೈಕಿಯಾ. ಕೊಲಾಜೆನ್ ಪ್ರಧಾನವಾದ, ಸುಣ್ಣ ಕಟ್ಟದ ಎಳೆಗಳು; ರೆಕ್ಕೆಯ ಅಂಚಿಗೆ ಇವೇ ಊರುಗೋಲು. ಇವನ್ನು ಬೂಷ್ಟಿನ ಎಳೆಗಳೆಂದು ಭಾವಿಸುವುದು ಬಹಳ ಸಾಮಾನ್ಯವಾದ ತಪ್ಪು. ಬೇರ್ಪಡಿಸುವುದು ಕಷ್ಟವಲ್ಲ. ಆಕ್ಟಿನೋಟ್ರೈಕಿಯಾ ಕವಲೊಡೆಯುವುದಿಲ್ಲ, ಒಂದಕ್ಕೊಂದು ಸಮಾನಾಂತರವಾಗಿ ಇರುತ್ತವೆ, ಅಂಚು ಬಿಟ್ಟು ಒಳಕ್ಕೆ ಹರಡುವುದಿಲ್ಲ. ಮೀನಿಗೆ ಹತ್ತುವ ಬೂಷ್ಟಾದ ಸ್ಯಾಪ್ರೋಲೆಗ್ನಿಯಾದ ಎಳೆ ಕೊಳವೆಯಂತಿದ್ದು ಕವಲೊಡೆಯುತ್ತದೆ, ಪದರಗಳ ಲೆಕ್ಕವಿಡದೆ ಎಲ್ಲೆಂದರಲ್ಲಿ ನುಗ್ಗುತ್ತದೆ, ಅದರ ಸುತ್ತ ಸತ್ತ ಅಂಗಾಂಶವಿರುತ್ತದೆ. ಇನ್ನೂ ಅನುಮಾನವಿದ್ದರೆ ಬೂಷ್ಟಿಗೆ ಹಾಕುವ ಬೆಳ್ಳಿಯ ಬಣ್ಣ ಹಾಕಿ ನೋಡಿ.

ಹೊರಚರ್ಮ ಎದ್ದಿದೆ, ಅಥವಾ ಇಲ್ಲವೇ ಇಲ್ಲ

ಎದ್ದ ಹಾಳೆಯ ಕೋಶಗಳನ್ನು ಹತ್ತಿರದಿಂದ ನೋಡಿ. ಕೋಶಗಳ ಗಡಿ ಮಸುಕಾಗಿ, ನ್ಯೂಕ್ಲಿಯಸ್‌ಗಳು ಬಣ್ಣಗುಂದಿ, ರೆಕ್ಕೆಯ ಎರಡೂ ಬದಿಯಲ್ಲಿ ಒಂದೇ ರೀತಿ ಬಿಟ್ಟುಬಂದಿದ್ದರೆ ಮೀನು ಸತ್ತ ಮೇಲೆ ತಾನಾಗಿಯೇ ಕೊಳೆಯತೊಡಗಿತ್ತು ಎಂದರ್ಥ. ಅಲ್ಲಲ್ಲಿ ಬ್ಯಾಕ್ಟೀರಿಯಾ ಚದುರಿದ್ದು ಸುತ್ತ ಒಂದು ಬಿಳಿ ರಕ್ತಕಣವೂ ಇಲ್ಲದಿದ್ದರೆ ಅವೂ ಆಮೇಲೆ ಬಂದ ಅತಿಥಿಗಳೇ. ನೀರು ಬೆಚ್ಚಗಿದ್ದಷ್ಟೂ ಈ ಕೊಳೆತ ಬೇಗ.

ಕೋಶಗಳು ಚೆನ್ನಾಗಿಯೇ ಇದ್ದು ಮೇಲಿನ ಪದರಗಳು ಮಾತ್ರ ಒಂದು ಬದಿಯಲ್ಲಿ ಕಿತ್ತುಹೋಗಿದ್ದರೆ ಅದು ಕೈಯ ಕೆಲಸ. ಮೀನನ್ನು ಒಣ ಬಟ್ಟೆಯಲ್ಲಿ ಹಿಡಿದಿರುತ್ತಾರೆ, ಬಲೆಗೆ ಉಜ್ಜಿರುತ್ತದೆ, ಅಥವಾ ಚಿಮಟದಿಂದ ರೆಕ್ಕೆಯ ನಡುಭಾಗವನ್ನೇ ಒತ್ತಿರುತ್ತಾರೆ. ರೆಕ್ಕೆಯನ್ನು ಬುಡದ ಸ್ನಾಯುವಿನ ಕಡೆಯಿಂದ ಮಾತ್ರ ಹಿಡಿಯಬೇಕು. ನೋಡಬೇಕಾದ ಜಾಗಕ್ಕೆ ಲೋಹ ತಾಗಬಾರದು. ಅರಿವಳಿಕೆಗೆ ಎಂಎಸ್-222 ಬಳಸುವವರು ಅದನ್ನು ಅಡುಗೆ ಸೋಡಾದಿಂದ ತಟಸ್ಥಗೊಳಿಸಿಕೊಳ್ಳಿ. ಬರಿಯ ದ್ರಾವಣ ಆಮ್ಲೀಯ, ಚರ್ಮವನ್ನು ಕೆರಳಿಸುತ್ತದೆ.

ಅಂಗಾಂಶದ ತುಂಬ ಚೂಪುಮೂಲೆಯ ತೂತುಗಳಿದ್ದರೆ ಮೀನನ್ನು ಎಲ್ಲೋ ಹೆಪ್ಪುಗಟ್ಟಿಸಿದ್ದಾರೆ. ಅದಕ್ಕೆ ಪರಿಹಾರವಿಲ್ಲ.

ಮುಂದಿನ ಸಲಕ್ಕೆ ದಾರಿ ಇದು: ಮೀನಿಗೆ ಅರಿವಳಿಕೆ ಕೊಟ್ಟ ಕೂಡಲೇ ರೆಕ್ಕೆಯನ್ನು ಕತ್ತರಿಸಿ 10 ಶೇಕಡಾ ತಟಸ್ಥ ಬಫರ್ ಫಾರ್ಮಲಿನ್‌ಗೆ ಹಾಕಿ, ದ್ರಾವಣ ಅಂಗಾಂಶದ ಕನಿಷ್ಠ 10 ಪಟ್ಟು, ಸಾಧ್ಯವಾದರೆ 20 ಪಟ್ಟು ಇರಲಿ. 10 ಶೇಕಡಾ ಫಾರ್ಮಲಿನ್ ಎಂದರೆ ಸುಮಾರು 4 ಶೇಕಡಾ ಫಾರ್ಮಾಲ್ಡಿಹೈಡ್. ಈ ಎರಡು ಸಂಖ್ಯೆಗಳನ್ನು ಒಂದೇ ಎಂದುಕೊಂಡು ದ್ರಾವಣವನ್ನು ತೀರಾ ತೆಳುವಾಗಿಸುವುದೂ ನಡೆಯುತ್ತದೆ. ಬೋಯಿನ್ ದ್ರಾವಣದಲ್ಲಿ ಹೊರಚರ್ಮ ಇನ್ನೂ ಚೆನ್ನಾಗಿ ನಿಲ್ಲುತ್ತದೆ ಎಂಬುದು ನನ್ನ ಅನುಭವ. ಆದರೆ ಅದರಲ್ಲಿನ ಅಸಿಟಿಕ್ ಆಮ್ಲ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಹಾಗಾಗಿ ರಕ್ತಸ್ರಾವವನ್ನು ಹುಡುಕುವವರಿಗೆ ಅದು ಬೇಡ. ಬೋಯಿನ್ ಬಳಸಿದರೆ ಹಳದಿ ಬಣ್ಣ ಹೋಗುವವರೆಗೆ 70 ಶೇಕಡಾ ಆಲ್ಕೋಹಾಲ್‌ನಲ್ಲಿ ತೊಳೆಯಿರಿ. ಅದರಲ್ಲಿರುವ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯಬಲ್ಲದು, ಬಾಟಲಿಯ ಬಾಯಲ್ಲಿ ಹರಳು ಕಟ್ಟಲು ಬಿಡಬೇಡಿ.

ಕಡ್ಡಿ ಹರಿದಿದೆ, ಸೆಕ್ಷನ್ ಉದ್ದಕ್ಕೂ ಗೀರು

ಈಜುರೆಕ್ಕೆಯ ಕೆಲಸದಲ್ಲಿ ಅತಿ ಹೆಚ್ಚು ಕಾಡುವ ದೋಷ ಇದು. ಕಾರಣ ಎರಡರಲ್ಲಿ ಒಂದು: ಬ್ಲೇಡಿನ ಬಾಯಿ ಮುಕ್ಕಾಗಿದೆ, ಇಲ್ಲವೇ ಮೂಳೆಯಲ್ಲಿ ಸುಣ್ಣ ಉಳಿದಿದೆ. ಯಾವುದೆಂದು ಒಂದು ನಿಮಿಷದಲ್ಲಿ ತಿಳಿಯಬಹುದು. ಬ್ಲೇಡನ್ನು ಪಕ್ಕಕ್ಕೆ ಒಂದೆರಡು ಸೆಂಟಿಮೀಟರ್ ಸರಿಸಿ ಇನ್ನೊಂದು ರಿಬ್ಬನ್ (ಒಂದಕ್ಕೊಂದು ಅಂಟಿ ಬರುವ ತೆಳು ಕೊಯ್ತಗಳ, ಅಂದರೆ ಸೆಕ್ಷನ್‌ಗಳ, ಪಟ್ಟಿ) ಕೊಯ್ಯಿರಿ. ಗೀರು ಮಾಯವಾದರೆ, ಅಥವಾ ಬೇರೆ ಜಾಗಕ್ಕೆ ಹೋದರೆ, ತಪ್ಪು ಬ್ಲೇಡಿನದು. ಗೀರು ಅದೇ ಕಡ್ಡಿಯಿಂದ ಶುರುವಾಗಿ ಕೊಯ್ತದ ದಿಕ್ಕಿಗೇ ಓಡುತ್ತಿದ್ದರೆ ತಪ್ಪು ಸುಣ್ಣದ್ದು. ಆಗ ಗೀರಿನ ಬುಡದಲ್ಲಿರುವ ಕಡ್ಡಿಯ ಮೇಲೆ ಕಣ್ಣಿಡಿ: ಮೂಳೆಯ ನಡುಭಾಗ ಪುಡಿಪುಡಿಯಾಗಿ ಗಾಢ ನೇರಳೆ ಬಣ್ಣ ಹಿಡಿದಿರುತ್ತದೆ, ಪಕ್ಕದ ಮೃದು ಅಂಗಾಂಶ ಅದರ ಜೊತೆಗೇ ಎಳೆದುಕೊಂಡು ಹೋಗಿರುತ್ತದೆ.

ಅಂಗಾಂಶ ಈಗಾಗಲೇ ಮೇಣದಲ್ಲಿ ಕೂತು ಬ್ಲಾಕ್ ಆಗಿದ್ದರೆ ಗಾಬರಿಯಾಗಬೇಡಿ. ಅಂಗಾಂಶ ಕಾಣುವವರೆಗೆ ಮೇಣ ಕೊಯ್ದು, ಆ ಮುಖವನ್ನು ಕೆಳಗೆ ಮಾಡಿ ಸೌಮ್ಯವಾದ ಆಮ್ಲದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಡಿ, ತೊಳೆಯಿರಿ, ತಣ್ಣಗೆ ಮಾಡಿ ಕೊಯ್ಯಿರಿ. ಆಮ್ಲ ಹೊಕ್ಕಿರುವುದು ಮೇಲ್ಪದರಕ್ಕೆ ಮಾತ್ರ. ಹಾಗಾಗಿ ಮೊದಲ ಕೆಲವು ಸೆಕ್ಷನ್‌ಗಳೇ ನಿಮ್ಮ ಪಾಲಿಗೆ. ಬ್ಲಾಕನ್ನು ಮತ್ತೆ ಸಮತಟ್ಟು ಮಾಡಲು ಹೋಗಿ ಅವನ್ನು ಕಳೆದುಕೊಳ್ಳಬೇಡಿ.

ಸುಣ್ಣ ತೆಗೆಯುವ ಹಂತದಲ್ಲಿಯೇ ಜಾಗ್ರತೆ ಮಾಡಿದರೆ ಇದೆಲ್ಲ ಬೇಡ. ಅವಸರವಿಲ್ಲದಿದ್ದರೆ ನಾನು ಇಡಿಟಿಎ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ: 10ರಿಂದ 14 ಶೇಕಡಾ, ಪಿಎಚ್ 7.2ರಿಂದ 7.4. ದಿನಗಳು ಹಿಡಿಯುತ್ತವೆ, ನಡುನಡುವೆ ದ್ರಾವಣ ಬದಲಿಸಬೇಕು, ಆದರೆ ನ್ಯೂಕ್ಲಿಯಸ್‌ಗೆ ಧಕ್ಕೆಯಿಲ್ಲ. ಫಾರ್ಮಿಕ್ ಆಮ್ಲ 5ರಿಂದ 10 ಶೇಕಡಾ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ಸಣ್ಣ ಮೀನಿನ ರೆಕ್ಕೆಗೆ ಗಂಟೆಗಳೇ ಸಾಕಾಗಬಹುದು. ನೈಟ್ರಿಕ್‌ನಂಥ ಕಟು ಆಮ್ಲವನ್ನು ಇಷ್ಟು ತೆಳುವಾದ ಅಂಗಾಂಶಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನಂತೂ ಫಾರ್ಮಲಿನ್ ಇರುವ ಅಂಗಾಂಶದ ಹತ್ತಿರ ತರಬೇಡಿ. ಎರಡೂ ಸೇರಿದರೆ ಕ್ಯಾನ್ಸರ್ ತರುವ ಆವಿ ಹುಟ್ಟಬಹುದು. ಯಾವ ಆಮ್ಲವೇ ಇರಲಿ, ಮೊದಲು ಸ್ಥಿರೀಕರಣ (ಫಾರ್ಮಲಿನ್‌ನಂಥ ದ್ರಾವಣದಲ್ಲಿ ಅಂಗಾಂಶವನ್ನು ಕೆಡದಂತೆ ಮಾಡುವುದು) ಪೂರ್ತಿಯಾಗಿರಬೇಕು, ಆಮೇಲೆ ನೀರಿನಲ್ಲಿ ತೊಳೆದಿರಬೇಕು.

ಸುಣ್ಣ ಹೋಯಿತೇ ಎಂದು ಸೂಜಿ ಚುಚ್ಚಿ ನೋಡುವ ಅಭ್ಯಾಸ ಬಿಡಿ, ಆ ತೂತು ಮುಂದೆ ಸ್ಲೈಡಿನಲ್ಲಿ ಹುಣ್ಣಾಗಿ ಕಾಣುತ್ತದೆ. ಬಳಸಿದ ಆಮ್ಲದ 5 ಮಿಲಿಲೀಟರ್ ತೆಗೆದು, ಲಿಟ್ಮಸ್ ನೋಡುತ್ತ ಅಮೋನಿಯಾದಿಂದ ತಟಸ್ಥ ಮಾಡಿ, ಅಷ್ಟೇ ಪ್ರಮಾಣದ ಅಮೋನಿಯಂ ಆಕ್ಸಲೇಟ್‌ನ ಪರ್ಯಾಪ್ತ ದ್ರಾವಣ ಸೇರಿಸಿ ಅರ್ಧ ಗಂಟೆ ಬಿಡಿ. ಬೆಳ್ಳಗೆ ಕದಡಿದರೆ ಸುಣ್ಣ ಇನ್ನೂ ಬರುತ್ತಿದೆ. ಆಮ್ಲ ಬದಲಿಸಿ ಮುಂದುವರಿಸಿ. ತಿಳಿಯಾಗಿಯೇ ಉಳಿದರೆ ಅಲ್ಲಿಗೆ ನಿಲ್ಲಿಸಿ. ಇಡಿಟಿಎ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದಕ್ಕೆ ಈ ಪರೀಕ್ಷೆ ಹೀಗೆಯೇ ಒಪ್ಪುವುದಿಲ್ಲ.

ಮೀನಿನ ಜಾತಿಯನ್ನೂ ಗಮನಿಸಬೇಕು. ಪರ್ಚ್‌ನಂಥ ಮೀನುಗಳ ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿರುವುದು ಜೋಡಿ ಕಡ್ಡಿಯಲ್ಲ, ಗೆಣ್ಣಿಲ್ಲದ ಒಂಟಿ ಮುಳ್ಳು; ಅದಕ್ಕೆ ಬಹಳ ಹೆಚ್ಚು ಸಮಯ ಬೇಕು. ಶಾರ್ಕಿನ ರೆಕ್ಕೆಯಲ್ಲಿರುವ ಸೆರಾಟೋಟ್ರೈಕಿಯಾ ಮೂಳೆಯೇ ಅಲ್ಲ.

ಆಕಾರವೇ ವಿಚಿತ್ರ

ಹೊರಚರ್ಮ ಒಂದು ಕಡೆ 4 ಪದರ, ಪಕ್ಕದಲ್ಲೇ 15 ಪದರ. ಅರೆಕಡ್ಡಿ ಕೆಲವು ಕಡೆ ಬಿಲ್ಲಿನಂತೆ, ಕೆಲವು ಕಡೆ ಉದ್ದನೆಯ ಹಲಗೆಯಂತೆ. ಇದು ಓರೆಯಾಗಿ ಕೊಯ್ದ ಗುರುತು. ಒಂದೇ ಸೆಕ್ಷನ್‌ನಲ್ಲಿ ಅರೆಕಡ್ಡಿಗಳ ಜೋಡಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗುತ್ತಾ ಆಕಾರ ಬದಲಿಸುತ್ತಿದ್ದರೆ ಹೊರಚರ್ಮದ ದಪ್ಪವನ್ನು ಅಳೆಯಲೇಬೇಡಿ. ಆ ಅಳತೆಗೆ ಅರ್ಥವಿಲ್ಲ.

ಓರೆಯಾಗುವುದಕ್ಕೆ ಕಾರಣ ಸರಳ. ರೆಕ್ಕೆ ಫಾರ್ಮಲಿನ್‌ಗೆ ಬಿದ್ದೊಡನೆ ಸುರುಳಿಯಾಗುತ್ತದೆ, ಸುರುಳಿಯಾಗಿಯೇ ಗಟ್ಟಿಯಾಗುತ್ತದೆ. ಆಮೇಲೆ ಬಿಡಿಸಲು ಹೋದರೆ ಮುರಿಯುತ್ತದೆ. ಆದ್ದರಿಂದ ಮೇಣದ ಹಲಗೆಯ ಮೇಲೆ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ, ಅಂಚಿನಾಚೆ ಸೂಜಿ ಸಿಕ್ಕಿಸಿ, ಮೊದಲ ಹತ್ತು ನಿಮಿಷ ಹಾಗೆಯೇ ಫಾರ್ಮಲಿನ್ ಸುರಿಯಿರಿ. ಇಲ್ಲವೇ ಫಾರ್ಮಲಿನ್‌ನಲ್ಲಿ ನೆನೆಸಿದ ಎರಡು ಕಾಗದಗಳ ನಡುವೆ ಚಪ್ಪಟೆಯಾಗಿಟ್ಟು ಕ್ಯಾಸೆಟ್ (ಅಂಗಾಂಶ ಇಡುವ ಪುಟ್ಟ ಡಬ್ಬಿ) ಮುಚ್ಚಿ.

ಅಡ್ಡಛೇದ ಬೇಕಾದರೆ ಕಡ್ಡಿಗಳು ಅಚ್ಚಿನ ತಳಕ್ಕೆ ನೆಟ್ಟಗೆ ನಿಲ್ಲಬೇಕು. ಕಾಗದದಷ್ಟು ತೆಳುವಾದದ್ದು ಬಿಸಿ ಮೇಣದಲ್ಲಿ ನಿಲ್ಲುವುದೆಂತು? ಚಿಮಟದಿಂದ ಹಿಡಿದು ನಿಂತರೂ ಕೈ ಬಿಟ್ಟೊಡನೆ ವಾಲುತ್ತದೆ. ನಾನು ಮಾಡುವುದು ಹೀಗೆ: ಸ್ಥಿರೀಕರಣವಾದ ರೆಕ್ಕೆಯನ್ನು ಕಡ್ಡಿಗಳಿಗೆ ಲಂಬವಾಗಿ 3 ಮಿಲಿಮೀಟರ್ ಪಟ್ಟಿಗಳಾಗಿ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ, ಕೈಗೆ ಬೆಚ್ಚಗಾಗುವಷ್ಟು ಆರಿದ 2 ಶೇಕಡಾ ಅಗರ್ ಸುರಿಯುತ್ತೇನೆ. ಅಗರ್ ಹೆಪ್ಪಾದ ಮೇಲೆ ಅದನ್ನು ಪುಟ್ಟ ಇಟ್ಟಿಗೆಯಂತೆ ಕೊಯ್ದು, ಬೇಕಾದ ಮುಖ ಕೆಳಗೆ ಬರುವಂತೆ ತಿರುಗಿಸಿ ಕ್ಯಾಸೆಟ್‌ಗೆ ಹಾಕಿದರೆ ಮೇಣದಲ್ಲಿ ಪಟ್ಟಿಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಂದೇ ಸ್ಲೈಡಿನಲ್ಲಿ ಬುಡದಿಂದ ತುದಿಯವರೆಗೆ ಸಾಲಾಗಿ ಓದಬಹುದು. ಇಷ್ಟು ಶ್ರಮ ಪಡುವುದಕ್ಕೆ ಬೆಲೆಯಿದೆ.

ಸೆಕ್ಷನ್‌ನಲ್ಲಿ ಅಡ್ಡಡ್ಡ ಸಮಾನಾಂತರ ಪಟ್ಟಿಗಳು ಕಂಡರೆ ರೆಕ್ಕೆ ಮೇಣಕ್ಕೆ ಹೋಗುವ ಮೊದಲು ಆಲ್ಕೋಹಾಲ್ ಮತ್ತು ಝೈಲೀನ್‌ನಲ್ಲಿ ಅತಿಯಾಗಿ ಇದ್ದು ಗರಿಗರಿಯಾಗಿದೆ, ಅಥವಾ ಬ್ಲೇಡ್ ಸಡಿಲವಾಗಿದೆ. ಮೊದಲು ಸ್ಕ್ರೂ ಬಿಗಿ ಮಾಡಿ, ಬ್ಲಾಕಿನ ಮುಖವನ್ನು ಐಸ್ ನೀರಿನಲ್ಲಿ ನೆನೆಸಿ 4ರಿಂದ 5 ಮೈಕ್ರಾನ್‌ಗೆ ಕೊಯ್ದು ನೋಡಿ. ದೊಡ್ಡ ಅಂಗಾಂಶಗಳ ಜೊತೆಗೆ ರೆಕ್ಕೆಯನ್ನೂ ಒಂದೇ ರಾತ್ರಿಯ ಸಂಸ್ಕರಣೆಗೆ ಹಾಕಬೇಡಿ. ಕೋಶಗಳ ನಡುವೆಲ್ಲ ಸಮನಾಗಿ ಬಿರುಕುಬಿಟ್ಟಿದ್ದರೆ ಸೆಕ್ಷನ್ ತೇಲಿಸುವ ನೀರಿನ ತೊಟ್ಟಿ ಹೆಚ್ಚು ಬಿಸಿಯಿತ್ತು. ಅದು ಮೇಣ ಕರಗುವ ಉಷ್ಣತೆಗಿಂತ 5ರಿಂದ 10 ಡಿಗ್ರಿ ಕೆಳಗಿರಬೇಕು. ಬಣ್ಣ ಹಾಕುವಾಗ ಮೂಳೆ ಮಾತ್ರ ತೊಳೆದುಹೋಗುತ್ತಿದ್ದರೆ ಲೇಪವಿರುವ ಸ್ಲೈಡ್ ಬಳಸಿ.

ಬಣ್ಣ ಸರಿಯಿಲ್ಲ

ನ್ಯೂಕ್ಲಿಯಸ್ ನೀಲಿಯಾಗದೆ ಎಲ್ಲವೂ ಗುಲಾಬಿಯಾಗಿದ್ದರೆ ಅದೇ ಸರದಿಯಲ್ಲಿ ಬಣ್ಣ ಹಾಕಿದ, ಮೂಳೆಯಿಲ್ಲದ ಇನ್ನೊಂದು ಅಂಗಾಂಶವನ್ನು ನೋಡಿ. ಅದು ಚೆನ್ನಾಗಿದ್ದರೆ ಹೆಮಟಾಕ್ಸಿಲಿನ್ ನಿರಪರಾಧಿ, ನಿಮ್ಮ ರೆಕ್ಕೆ ಆಮ್ಲದಲ್ಲಿ ಹೆಚ್ಚು ಹೊತ್ತು ಇತ್ತು. ಬಣ್ಣದ ಸಮಯ ಹೆಚ್ಚಿಸಿ ತುಸು ಸುಧಾರಿಸಬಹುದು, ಪೂರ್ತಿ ಮರಳಿ ಬಾರದು. ಅದೂ ಪೇಲವವಾಗಿದ್ದರೆ ಬಣ್ಣ ಹಳತಾಗಿದೆ, ಇಲ್ಲವೇ ನೀಲಿಗೊಳಿಸುವ ಹಂತ ಸಾಲಲಿಲ್ಲ. ಸ್ಲೈಡ್ ಮಂಜಾಗಿದ್ದರೆ ಝೈಲೀನ್‌ಗೆ ನೀರು ಸೇರಿದೆ.

ಕಂದು ಕಪ್ಪು ಕಣಗಳ ವಿಷಯ ಬೇರೆ. ರೆಕ್ಕೆಯಲ್ಲಿ ಮೆಲನಿನ್ ಸಹಜವಾಗಿಯೇ ಇದೆ, ಕವಲುಗಳುಳ್ಳ ಕೋಶಗಳ ಒಳಗೆ. ಆಮ್ಲೀಯವಾದ ಹಳೆಯ ಫಾರ್ಮಲಿನ್ ರಕ್ತದ ಜೊತೆ ಸೇರಿ ಹುಟ್ಟಿಸುವ ಕಣಗಳು ಕೆಂಪು ರಕ್ತಕಣಗಳ ಮೇಲೆ, ನಾಳಗಳ ಸುತ್ತ ಚೆಲ್ಲಿರುತ್ತವೆ. ಮೀನಿನ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುವುದರಿಂದ ಜಾಗ ಗುರುತಿಸುವುದು ಸುಲಭ. ಧ್ರುವೀಕೃತ ಬೆಳಕಿನಲ್ಲಿ ಫಾರ್ಮಲಿನ್ ಕಣ ಮಿನುಗುತ್ತದೆ, ಮೆಲನಿನ್ ಮಿನುಗುವುದಿಲ್ಲ. ಬಣ್ಣ ಹಾಕುವ ಮೊದಲು ಆಲ್ಕೋಹಾಲ್‌ನಲ್ಲಿನ ಪರ್ಯಾಪ್ತ ಪಿಕ್ರಿಕ್ ಆಮ್ಲದಲ್ಲಿ ಇಟ್ಟರೆ ಫಾರ್ಮಲಿನ್ ಕಣ ಕರಗುತ್ತದೆ. ಮೆಲನಿನ್ ಹೋಗುವುದು ಪೊಟ್ಯಾಸಿಯಂ ಪರ್ಮಾಂಗನೇಟ್, ಆಮೇಲೆ ಆಕ್ಸಾಲಿಕ್ ಆಮ್ಲ ಹಾಕಿದಾಗ. ಬದುಕಿದ್ದಾಗ ಹಳದಿ ಕೆಂಪಾಗಿ ಹೊಳೆಯುತ್ತಿದ್ದ ರೆಕ್ಕೆಯಲ್ಲಿ ಆ ಬಣ್ಣ ಕಾಣುವುದಿಲ್ಲವೆಂದು ಹುಡುಕಬೇಡಿ. ಕ್ಯಾರೊಟಿನಾಯ್ಡ್‌ಗಳು ಆಲ್ಕೋಹಾಲ್ ಮತ್ತು ಝೈಲೀನ್‌ನಲ್ಲಿ ಕರಗಿ ಹೋಗಿವೆ.

ಇದು ನಿಜವಾಗಿಯೂ ರೋಗವೇ?

ಮೇಲಿನದೆಲ್ಲ ಅಲ್ಲವೆಂದು ಖಚಿತವಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಇಲ್ಲಿಯೂ ಒಂದು ಬಲೆ ಇದೆ. ಮೀನಿನ ರೆಕ್ಕೆ ಮತ್ತೆ ಬೆಳೆಯುತ್ತದೆ. ಜೀಬ್ರಾ ಮೀನಿನಲ್ಲಿ ತುಂಡಾದ ರೆಕ್ಕೆಯ ಗಾಯವನ್ನು ಒಂದು ದಿನದೊಳಗೆ ಹೊರಚರ್ಮ ಮುಚ್ಚುತ್ತದೆ, ಎರಡು ಮೂರು ದಿನಕ್ಕೆ ಅದರಡಿ ಎಳೆಯ ಕೋಶಗಳ ಗುಡ್ಡೆ ಸೇರುತ್ತದೆ, ಎರಡು ಮೂರು ವಾರಗಳಲ್ಲಿ ರೆಕ್ಕೆ ಬಹುಮಟ್ಟಿಗೆ ಮರಳುತ್ತದೆ. ಈ ನಡುವೆ ಕೊಯ್ದರೆ ತುದಿಯಲ್ಲಿ ದಪ್ಪನಾದ ಹೊರಚರ್ಮ, ವಿಭಜನೆಯಾಗುತ್ತಿರುವ ಕೋಶಗಳು, ತೆಳುವಾದ ಹೊಸ ಮೂಳೆ ಕಾಣುತ್ತವೆ. ಒಟ್ಟಿಗಿದ್ದ ಮೀನು ಕಚ್ಚಿದ್ದರಿಂದ ಆದ ಇಂಥ ವಾಸಿಯಾಗುತ್ತಿರುವ ರೆಕ್ಕೆಯನ್ನು ರೋಗದ ಊತವೆಂದು ಬರೆಯುವುದು ಅನ್ಯಾಯ. ಹಳೆಯ ಕಡ್ಡಿ ಥಟ್ಟನೆ ನಿಂತು ಅಲ್ಲಿಂದ ಮುಂದೆ ತೆಳುವಾದ ಕಡ್ಡಿ ಹೊರಟಿದೆಯೇ ನೋಡಿ.

ನಿಜವಾದ ರೋಗಗಳಿಗೆ ಅವುಗಳದೇ ಮುಖವಿದೆ. ಹೊರಚರ್ಮದೊಳಗೆ ಕುದುರೆಲಾಳದ ಆಕಾರದ ನ್ಯೂಕ್ಲಿಯಸ್ ಇರುವ ದೊಡ್ಡ ಜೀವಿ ಕೂತಿದ್ದರೆ ಅದು ಬಿಳಿಚುಕ್ಕೆ ರೋಗದ ಇಕ್ತಿಯೋಫ್ತಿರಿಯಸ್. ಸಂಯೋಜಕ ಅಂಗಾಂಶದಲ್ಲಿ ಒಂದೊಂದು ಕೋಶವೇ ಬರಿಗಣ್ಣಿಗೆ ಕಾಣುವಷ್ಟು ಊದಿ, ಸುತ್ತ ದಪ್ಪ ಗಾಜಿನಂಥ ಕವಚ ಕಟ್ಟಿದ್ದರೆ ಲಿಂಫೋಸಿಸ್ಟಿಸ್ ವೈರಸ್. ಸವೆದ ಅಂಚಿನಲ್ಲಿ ಉದ್ದನೆಯ ಸಪೂರ ಬ್ಯಾಕ್ಟೀರಿಯಾಗಳು ಚಾಪೆಯಂತೆ ಹಾಸಿದ್ದು, ಅಡಿಯ ಅಂಗಾಂಶ ಸತ್ತಿದ್ದು, ಅದರಾಚೆ ನಾಳಗಳು ಉಬ್ಬಿದ್ದರೆ ಫ್ಲೇವೋಬ್ಯಾಕ್ಟೀರಿಯಂ ಕಾಲಮ್ನೇರ್ ಕಡೆಗೆ ಅನುಮಾನ ಹೋಗಬೇಕು. ಖಚಿತಪಡಿಸಲು ಜೀವಂತ ಮೀನಿನಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಬೇಕು.

ಕೊನೆಗೂ ಏನೂ ಸ್ಪಷ್ಟವಾಗದಿದ್ದರೆ ಬ್ಲಾಕನ್ನು ಕರಗಿಸಿ ದಿಕ್ಕು ಸರಿಪಡಿಸಿ ಮತ್ತೆ ಅಚ್ಚು ಹಾಕಿ. ಅದೂ ಫಲಿಸದಿದ್ದರೆ ಸ್ಲೈಡ್ ಓದಲು ಯೋಗ್ಯವಲ್ಲ ಎಂದು ವರದಿಯಲ್ಲಿ ನೇರವಾಗಿ ಬರೆಯಿರಿ. ಇಂಥ ಹೊತ್ತಿಗೆಂದೇ ನಾನು ಪ್ರತಿ ಮೀನಿನಿಂದ ಎರಡನೆಯ ರೆಕ್ಕೆಯೊಂದನ್ನು ಸ್ಥಿರೀಕರಿಸಿ 70 ಶೇಕಡಾ ಆಲ್ಕೋಹಾಲ್‌ನಲ್ಲಿ ಎತ್ತಿಟ್ಟಿರುತ್ತೇನೆ. ಅದರ ಬಾಟಲಿಯ ಮೇಲೆ ಮೀನು ಸತ್ತ ಹೊತ್ತು, ರೆಕ್ಕೆ ದ್ರಾವಣಕ್ಕೆ ಬಿದ್ದ ಹೊತ್ತು ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ.